ಮೋರೆ ಮತ್ತು ವೈಟ್‌ಫೀಲ್ಡ್

ಈಗ ಕಾಲೇಜು ಮುಗಿಸಿ ಕೆಲಸಕ್ಕೆ ಸೇರುವ ಹುಡುಗರಿಗೆ ಹೇಳಿದರೆ ನಗ್ತಾರೆ. 2012ರ ಆಗಸ್ಟ್‌ನಲ್ಲಿ ಕೆಲವು ದಿನ ಈ ದೇಶದಲ್ಲಿ ಒಂದು ಮೊಬೈಲಿನಿಂದ ದಿನಕ್ಕೆ ಐದಕ್ಕಿಂತ ಹೆಚ್ಚು ಎಸ್ಸೆಮ್ಮೆಸ್ ಕಳಿಸುವ ಹಾಗಿರಲಿಲ್ಲ. ಆಗಸ್ಟ್ 17ಕ್ಕೆ ಕೇಂದ್ರ ಸರ್ಕಾರದ ಆದೇಶ ಬಂತು. ಒಂದು ವಾರದೊಳಗೆ ಮಿತಿಯನ್ನು 20ಕ್ಕೆ ಏರಿಸಿದರು. ಜಗತ್ತಿಗೇ ಸಾಫ್ಟ್‌ವೇರ್ ಬರೆದುಕೊಡ್ತೀವಿ ಅಂತ ಬೀಗುವ ಊರಿನಲ್ಲಿ ನಾವು ಮೆಸೇಜು ಎಣಿಸಿ ಎಣಿಸಿ ಕಳಿಸ್ತಿದ್ದೆವು. ಆ ಆದೇಶ ಬರೋಕೆ ಮುಖ್ಯ ಕಾರಣವಾದದ್ದೂ ಇದೇ ಬೆಂಗಳೂರು.

ಆದದ್ದು ಇಷ್ಟು. ಜುಲೈ ತಿಂಗಳಲ್ಲಿ ಅಸ್ಸಾಮಿನ ಕೊಕ್ರಝಾರ್, ಚಿರಾಂಗ್, ಧುಬ್ರಿ ಜಿಲ್ಲೆಗಳಲ್ಲಿ ಬೋಡೋಗಳಿಗೂ ಬಂಗಾಳಿ ಮಾತಾಡುವ ಮುಸ್ಲಿಮರಿಗೂ ನಡುವೆ ದೊಡ್ಡ ಹಿಂಸಾಚಾರ ನಡೆಯಿತು. ಎರಡೂ ಕಡೆ ಸೇರಿ ನಾಲ್ಕು ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟು ಶಿಬಿರ ಸೇರಿದರು. ಆಗಸ್ಟ್ 11ಕ್ಕೆ ಮುಂಬೈನ ಆಜಾದ್ ಮೈದಾನದಲ್ಲಿ ಪ್ರತಿಭಟನೆ ಗಲಭೆಯಾಯಿತು. 14ಕ್ಕೆ ಮೈಸೂರಿನಲ್ಲಿ ಒಬ್ಬ ಟಿಬೆಟನ್ ವಿದ್ಯಾರ್ಥಿಗೆ ಚಾಕು ಹಾಕಿದರು. ಈಶಾನ್ಯದವನೆಂದು ತಿಳಿದು ಹಾಕಿದರು ಅಂತ ಆಗ ವರದಿಯಾಯಿತು. ರಂಜಾನ್ ಮುಗಿದ ಮೇಲೆ ಬೆಂಗಳೂರಿನಲ್ಲಿರುವ ಈಶಾನ್ಯದವರನ್ನು ಬಿಡೋದಿಲ್ಲ ಅನ್ನುವ ಮೆಸೇಜು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಸ್ವಾತಂತ್ರ್ಯ ದಿನದ ರಾತ್ರಿ ಸಿಟಿ ರೈಲ್ವೆ ಸ್ಟೇಷನ್ನಿನಲ್ಲಿ ಕಾಲಿಡೋಕೆ ಜಾಗ ಇರಲಿಲ್ಲ. ರೈಲ್ವೆಯವರು ಗುವಾಹಟಿಗೆ ಸ್ಪೆಷಲ್ ರೈಲು ಬಿಟ್ಟರು. ಉಪಮುಖ್ಯಮಂತ್ರಿ ಆರ್. ಅಶೋಕ್ ಪ್ಲಾಟ್‌ಫಾರ್ಮಿಗೇ ಹೋಗಿ "ಹೋಗಬೇಡಿ, ನಾವಿದ್ದೇವೆ" ಅಂತ ಕೇಳಿಕೊಂಡರು. ಮುಸ್ಲಿಂ ಸಂಘಟನೆಗಳವರೂ ಧೈರ್ಯ ಹೇಳಿದರು. ಮೂರ್ನಾಲ್ಕು ದಿನದಲ್ಲಿ ಸುಮಾರು 30 ಸಾವಿರ ಜನ ಹೊರಟರು ಅಂತ ಪತ್ರಿಕೆಗಳು ಬರೆದವು. ಮೆಸೇಜಿನಲ್ಲಿದ್ದಂಥ ದಾಳಿ ಬೆಂಗಳೂರಿನಲ್ಲಿ ನಡೆಯಲೇ ಇಲ್ಲ.

ನಾನಾಗ ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ. ಕುಂದಲಹಳ್ಳಿಯಲ್ಲಿ ಪಿಜಿ, ವೈಟ್‌ಫೀಲ್ಡಿನಲ್ಲಿ ಆಫೀಸು. 16ನೇ ತಾರೀಕು ಬೆಳಗ್ಗೆ ಹೋದರೆ ಗೇಟಿನಲ್ಲಿ ಐಡಿ ಕಾರ್ಡು ನೋಡುವವರೇ ಇಲ್ಲ. ಫೆಸಿಲಿಟಿ ಟೀಮಿನ ಒಬ್ಬರು ಟೈ ಕಟ್ಟಿಕೊಂಡೇ ಬೂಮ್ ಬ್ಯಾರಿಯರ್ ಎತ್ತೋದು ಇಳಿಸೋದು ಮಾಡ್ತಿದ್ದರು. ಐಟಿ ಕಂಪನಿಗಳ ಕಾವಲು ಹೆಚ್ಚಾಗಿ ಯಾರ ಕೈಯಲ್ಲಿದೆ ಅನ್ನೋದು ಅವತ್ತು ಎಲ್ಲರಿಗೂ ಒಟ್ಟಿಗೇ ಕಂಡಿತು. ನಮ್ಮ ಪಿಜಿ ಪಕ್ಕದ ಅಪಾರ್ಟ್‌ಮೆಂಟಿಗೆ ರಾತ್ರಿ ಕಾವಲಿದ್ದ ಹುಡುಗ ಚಿರಾಂಗ್‌ನವನು. ಪೇಪರಿನಲ್ಲಿ ಆ ಹೆಸರು ಬಂದಾಗಲೇ ಅದೊಂದು ಜಿಲ್ಲೆ ಅಂತ ನನಗೆ ಗೊತ್ತಾಗಿದ್ದು.

ಹಳ್ಳಿಯಿಂದ ಬಂದ ನಮ್ಮಂಥವರಿಗೆ ಹೊಸಬರನ್ನು ಕಂಡರೆ ಮೊದಲು ಬಾಯಿಗೆ ಬರೋದು "ಯಾವೂರು ನಿಮ್ದು?" ಅನ್ನುವ ಮಾತು. ಉತ್ತರ ಬಂದ ಮೇಲೆ ತಾಲ್ಲೂಕು, ಹೋಬಳಿ, ಕೊನೆಗೆ ಯಾರ ಮನೆ ಅನ್ನೋವರೆಗೂ ಇಳೀತೀವಿ. ಗೇಟಿನ ಹುಡುಗ "ಅಸ್ಸಾಂ" ಅಂದರೆ ಮಾತು ಅಲ್ಲಿಗೇ ನಿಲ್ಲುತ್ತದೆ. ಮುಂದೆ ಕೇಳೋಕೆ ಅಲ್ಲಿನ ಒಂದು ಊರಿನ ಹೆಸರೂ ನಮಗೆ ಬರೋದಿಲ್ಲ. ಅದು ಅವನಿಗೂ ಗೊತ್ತು. ನಾವು ಆನ್‌ಸೈಟ್ ಹೋದಾಗ "ಇಂಡಿಯಾ" ಅಂದು ಸುಮ್ಮನಾಗುವ ಹಾಗೆ ಅವನು ರಾಜ್ಯದ ಹೆಸರು ಹೇಳಿ ಸುಮ್ಮನಾಗ್ತಾನೆ.

2012ರ ಈ ಘಟನೆಯನ್ನು ಸಾಮಾನ್ಯವಾಗಿ ವದಂತಿಯ ಕತೆಯಾಗಿ ಹೇಳ್ತಾರೆ. ವಾಟ್ಸಾಪ್ ಇನ್ನೂ ಎಲ್ಲರ ಕೈಗೆ ಬರುವ ಮುಂಚಿನ ಫೇಕ್ ನ್ಯೂಸ್ ಅಂತ ಸೆಮಿನಾರುಗಳಲ್ಲಿ ಉದಾಹರಣೆ ಕೊಡ್ತಾರೆ. ಅದು ಸುಳ್ಳಲ್ಲ. ಆದರೆ ನನಗೆ ಇದು ಭಾರತದ ವಿದೇಶಾಂಗ ನೀತಿಯ ಕತೆಯಾಗಿಯೂ ಕಾಣುತ್ತದೆ. ಆ ಹುಡುಗ ಕಾಯುತ್ತಿದ್ದ ಗೇಟೂ, ಅವನು ಬಿಟ್ಟು ಬಂದ ಊರಿನ ಸ್ಥಿತಿಯೂ ದೆಹಲಿಯಲ್ಲಿ ಆದ ತೀರ್ಮಾನಗಳಿಂದಲೇ ಬಂದವು.

1994ರ ಜನವರಿಗೆ ಹೋಗೋಣ. ಪಿ.ವಿ. ನರಸಿಂಹ ರಾವ್ ಪ್ರಧಾನಿ. ಸೋವಿಯತ್ ಒಕ್ಕೂಟ ಮುಳುಗಿ ಎರಡು ವರ್ಷವಾಗಿತ್ತು. ಅದಕ್ಕೂ ಮುಂಚೆ ಕೈಯಲ್ಲಿ ಡಾಲರ್ ಇಲ್ಲದೆ ನಾವು ಚಿನ್ನ ಅಡವಿಟ್ಟಿದ್ದೂ ಆಗಿತ್ತು. ರಾವ್ ಪೂರ್ವದ ಕಡೆ ಮುಖ ಮಾಡಿದರು. 'ಲುಕ್ ಈಸ್ಟ್' ಅಂತ ಹೆಸರಾದ ನೀತಿ ಅದು. ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡುಗಳು ಹುಲಿಗಳ ಹಾಗೆ ಬೆಳೀತಿದ್ದವು. ಅವರ ಜೊತೆ ವ್ಯಾಪಾರ ಬೇಕಿತ್ತು, ಅವರ ಬಂಡವಾಳ ಬೇಕಿತ್ತು. ಆ ವರ್ಷದ ಗಣರಾಜ್ಯೋತ್ಸವಕ್ಕೆ ಮುಖ್ಯ ಅತಿಥಿಯಾಗಿ ಬಂದವರು ಸಿಂಗಾಪುರದ ಪ್ರಧಾನಿ ಗೋ ಚೋಕ್ ತೋಂಗ್. ಸಿಂಗಾಪುರದ ಕಂಪನಿಗಳು, ಟಾಟಾ ಮತ್ತು ಕರ್ನಾಟಕ ಸರ್ಕಾರ ಸೇರಿ ವೈಟ್‌ಫೀಲ್ಡಿನಲ್ಲಿ ಒಂದು ಟೆಕ್ ಪಾರ್ಕ್ ಕಟ್ಟುವ ಜಂಟಿ ಉದ್ಯಮ ಶುರುವಾದದ್ದು ಅದೇ ಜನವರಿಯಲ್ಲಿ. ಅದೇ ನಮ್ಮ ಐಟಿಪಿಎಲ್. 1998ರ ಹೊತ್ತಿಗೆ ಬಾಗಿಲು ತೆರೆಯಿತು. ಸ್ವಂತ ವಿದ್ಯುತ್ತು, ಸ್ಯಾಟಲೈಟ್ ಸಂಪರ್ಕ, ಗಾಜಿನ ಗೋಡೆ. ಹೊರಗೆ ಕರೆಂಟು ಹೋದರೂ ಒಳಗೆ ಸಿಂಗಾಪುರ.

ಅದೇ ತಿಂಗಳು, ಜನವರಿ 21ಕ್ಕೆ, ಭಾರತ ಬರ್ಮಾದ ಜೊತೆ ಇನ್ನೊಂದು ಒಪ್ಪಂದಕ್ಕೆ ಸಹಿ ಹಾಕಿತು. ಗಡಿ ವ್ಯಾಪಾರದ ಒಪ್ಪಂದ. ಅದರ ಪ್ರಕಾರ 1995ರ ಏಪ್ರಿಲ್‌ನಲ್ಲಿ ಮಣಿಪುರದ ಕೊನೆಯ ಊರಿನಲ್ಲಿ ಗೇಟು ತೆರೆದರು. ಊರಿನ ಹೆಸರು ಮೋರೆ. ನಮ್ಮ ಭಾಷೆಯಲ್ಲಿ ಮೋರೆ ಅಂದರೆ ಮುಖ, ಪೂರ್ವಕ್ಕೆ ನೋಡುವ ನೀತಿಗೆ ಇದಕ್ಕಿಂತ ಒಳ್ಳೆ ಹೆಸರಿನ ಊರು ಸಿಕ್ಕುತ್ತಿರಲಿಲ್ಲ! ಆಚೆ ಕಡೆ ತಾಮು ಅನ್ನುವ ಬರ್ಮಾದ ಪೇಟೆ. ಮೋರೆಯಲ್ಲಿ ಕುಕಿಗಳಿದ್ದಾರೆ, ಮೈತೇಯಿಗಳಿದ್ದಾರೆ, ತಮಿಳರೂ ಇದ್ದಾರೆ. 1960ರ ದಶಕದಲ್ಲಿ ಬರ್ಮಾದ ಸೈನಿಕ ಸರ್ಕಾರ ಓಡಿಸಿದಾಗ ಬಂದ ತಮಿಳರು ಅಲ್ಲಿ ಅಂಗಾಳ ಪರಮೇಶ್ವರಿಗೆ ಗೋಪುರ ಸಹಿತ ಗುಡಿ ಕಟ್ಟಿಕೊಂಡಿದ್ದಾರೆ.

ಈ ಎರಡು ಗೇಟುಗಳಲ್ಲಿ ಏನೇನು ದಾಟಿ ಹೋಯಿತು ನೋಡಿ. ಐಟಿಪಿಎಲ್‌ನಿಂದ ಹೊರಟ ಕೋಡು ನ್ಯೂಯಾರ್ಕು, ಲಂಡನ್ನಿಗೆ ಹೋಯಿತು. ಮೋರೆಯಲ್ಲಿ ಶುರುವಿನಲ್ಲಿ ಅನುಮತಿ ಇದ್ದದ್ದು 22 ಸಾಮಾನುಗಳಿಗೆ: ಸಾಸಿವೆ, ಬೆಳ್ಳುಳ್ಳಿ, ಶುಂಠಿ, ಅಡಿಕೆ, ಇಂಥವು. ಅಲ್ಲಿ ನಡೆದದ್ದು ಬಹುಪಾಲು ತಲೆಹೊರೆಯ ವ್ಯಾಪಾರ. ನಮ್ಮೂರ ಕಡೆ ಬರ್ಮಾ ಅನ್ನೋದು ಅಡಿಕೆ ದರ ಬಿದ್ದಾಗ ಬೈಯೋಕೆ ಇರುವ ಹೆಸರು. "ಬರ್ಮಾ ಅಡಿಕೆ ಕಳ್ಳದಾರಿಲಿ ಬಂತಂತೆ" ಅಂತ ಮಂಡಿಯಲ್ಲಿ ಮಾತಾಡ್ತಾರೆ. ಅದು ಬರೋದು ಈಶಾನ್ಯದ ಗಡಿಯ ಕಡೆಯಿಂದಲೇ. ಮೋರೆಯಿಂದ ಥಾಯ್ಲೆಂಡಿನವರೆಗೆ 1,360 ಕಿಲೋಮೀಟರ್ ಹೆದ್ದಾರಿ ಮಾಡುವ ಮಾತು 2002ರಲ್ಲಿ ಬಂತು. ಆಮೇಲೆ ಎಷ್ಟು ಸಲ ಗಡುವು ಹಾಕಿದರೋ, ಅಷ್ಟು ಸಲವೂ ಮುಂದಕ್ಕೆ ಹೋಯಿತು. ಈಶಾನ್ಯವೇ ಪೂರ್ವದ ಹೆಬ್ಬಾಗಿಲು ಅಂತ ಭಾಷಣಗಳಲ್ಲಿ ಹೇಳುತ್ತಾ ಬಂದರು. ಬಾಗಿಲು ತೆರೆದದ್ದು ವೈಟ್‌ಫೀಲ್ಡಿನಲ್ಲಿ.

ಯಾಕೆ ಹೀಗಾಯ್ತು ಅಂತ ಕೇಳಿದರೆ ನೂರೈವತ್ತು ವರ್ಷಕ್ಕೂ ಹಿಂದೆ ಹೋಗಬೇಕು. 1826ರ ಯಾಂದಬೂ ಒಪ್ಪಂದದಲ್ಲಿ ಬರ್ಮಾದ ರಾಜ ಅಸ್ಸಾಮನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟ. ಅವರು ಚಹಾ ತೋಟ ಹಾಕಿದರು. ತೋಟ ಬೆಟ್ಟದ ಕಡೆಗೆ ಹಬ್ಬಿದ ಹಾಗೆ ಬೆಟ್ಟದ ಜನರ ಜೊತೆ ಜಗಳವಾಯಿತು. 1873ರಲ್ಲಿ ಒಂದು ಕಾನೂನು ತಂದು ಬೆಟ್ಟದ ಬುಡದಲ್ಲಿ ಗೆರೆ ಎಳೆದರು. ಇನ್ನರ್ ಲೈನ್. ಇದರಾಚೆಗೆ ಪರವಾನಗಿ ಇಲ್ಲದೆ ಯಾರೂ ಹೋಗಬಾರದು. ಗೆರೆಯ ಈಚೆ ಕಾಯಿದೆ, ಕಂದಾಯ, ಕೋರ್ಟು; ಆಚೆ ಇರುವವರು ಚೀನಾ ಮತ್ತು ಬರ್ಮಾದಿಂದ ನಮ್ಮನ್ನು ಬೇರೆ ಮಾಡುವ ಒಂದು ದಪ್ಪ ಗೋಡೆ. 1914ರಲ್ಲಿ ಸಿಮ್ಲಾದಲ್ಲಿ ಮ್ಯಾಕ್‌ಮಹೋನ್ ಇನ್ನೊಂದು ಗೆರೆ ಎಳೆದ. ಎರಡು ಗೆರೆಗಳ ನಡುವೆ ಜನ ಸಿಕ್ಕಿಕೊಂಡರು. ಇನ್ನರ್ ಲೈನ್ ಪರ್ಮಿಟ್ ಈಗಲೂ ಇದೆ. ಅರುಣಾಚಲಕ್ಕೆ ಬೈಕ್ ಟ್ರಿಪ್ ಹೊಡೆದವರಿಗೆ ಗೊತ್ತಿರುತ್ತೆ. ಅದು ಬೇಕು ಅಂತ ಈಗ ಹಟ ಹಿಡಿಯುವವರು ಅಲ್ಲಿಯ ಜನರೇ, ಅದು ಬೇರೆ ಮಾತು.

ನಮ್ಮ ಕಡೆಯವರೊಬ್ಬರು ಇಲ್ಲಿ ಬರ್ತಾರೆ. ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾವ್ 1920ರ ದಶಕದಲ್ಲಿ ಅಸ್ಸಾಂ ಸರ್ಕಾರದ ಕಾನೂನು ಸಲಹೆಗಾರರಾಗಿದ್ದವರು. ಮುಂದೆ ಸಂವಿಧಾನ ಸಭೆಯ ಸಲಹೆಗಾರರಾದರು. 1947ರಲ್ಲಿ ಬರ್ಮಾದ ಸಂವಿಧಾನಕ್ಕೂ ನೆರವಾದರು. ಅಂದರೆ ಆ ಗಡಿಯ ಎರಡೂ ಪಕ್ಕದ ಸಂವಿಧಾನಗಳ ಕೆಲಸದಲ್ಲಿ ದಕ್ಷಿಣ ಕನ್ನಡದ ಒಬ್ಬರ ಕೈ ಇತ್ತು. ಬರ್ಮಾದ ಸಂವಿಧಾನ ಶಾನ್ ಮತ್ತು ಕರೆನ್ನಿ ಪ್ರಾಂತ್ಯಗಳಿಗೆ ಹತ್ತು ವರ್ಷದ ಮೇಲೆ ಬೇಕಿದ್ದರೆ ಬಿಟ್ಟುಹೋಗುವ ಹಕ್ಕನ್ನೇ ಬರೆಯಿತು; ಸೈನ್ಯ ಅದನ್ನು ಕಾಗದದಲ್ಲೇ ಉಳಿಸಿತು. ನಮ್ಮದರಲ್ಲಿ ಆ ಹಕ್ಕಿಲ್ಲ. ಗೋಪಿನಾಥ್ ಬೊರ್ಡೊಲಾಯ್ ಸಮಿತಿಯ ವರದಿಯ ಮೇಲೆ ಆರನೇ ಅನುಸೂಚಿ ಬಂತು: ಬುಡಕಟ್ಟು ಜಿಲ್ಲೆಗಳಿಗೆ ತಮ್ಮದೇ ಸ್ವಾಯತ್ತ ಮಂಡಳಿ. ಆಲೋಚನೆ ಚೆನ್ನಾಗಿಯೇ ಇತ್ತು. ತವಾಂಗ್‌ನಲ್ಲಿ 1951ರ ಫೆಬ್ರುವರಿಯಲ್ಲಿ ಭಾರತದ ಆಡಳಿತ ಸ್ಥಾಪಿಸಿದ್ದೂ ದೆಹಲಿಯ ಯಾರೋ ಜನರಲ್ ಅಲ್ಲ, ಮಣಿಪುರದ ತಾಂಗ್‌ಖುಲ್ ನಾಗಾ, ಮೇಜರ್ ಬಾಬ್ ಖಾತಿಂಗ್. ಗಡಿಯ ಜನ ಗಡಿ ಕಟ್ಟಿಕೊಟ್ಟರು ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಅಷ್ಟರಲ್ಲಿ ದೇಶವಿಭಜನೆ ಭೂಗೋಳವನ್ನೇ ಬದಲಾಯಿಸಿತ್ತು. ಈಶಾನ್ಯಕ್ಕೆ ಸಮುದ್ರದ ದಾರಿಯಾಗಿದ್ದ ಚಿಟ್ಟಗಾಂಗ್ ಬಂದರು ಪೂರ್ವ ಪಾಕಿಸ್ತಾನಕ್ಕೆ ಹೋಯಿತು. ಉಳಿದದ್ದು ಸಿಲಿಗುರಿಯ ಹತ್ತಿರ ಸುಮಾರು 22 ಕಿಲೋಮೀಟರ್ ಅಗಲದ ಒಂದು ಕುತ್ತಿಗೆ. ವೈಟ್‌ಫೀಲ್ಡಿನಿಂದ ಮೆಜೆಸ್ಟಿಕ್ಕಿಗೆ ಇರುವಷ್ಟು ದೂರ. ಅದನ್ನು ಬಿಟ್ಟರೆ ಸುತ್ತಲೂ ಬೇರೆ ದೇಶಗಳು.

1962 ಬಂತು. ನವೆಂಬರ್‌ನಲ್ಲಿ ಬೊಮ್ದಿಲಾ ಬಿತ್ತು. ಚೀನಾದ ಸೈನ್ಯ ಬಯಲಿಗೆ ಇಳಿಯುತ್ತದೆ ಅಂತ ತೇಜ್‌ಪುರ ಖಾಲಿಯಾಯಿತು. ಬ್ಯಾಂಕಿನವರು ನೋಟಿನ ಕಟ್ಟುಗಳಿಗೆ ಬೆಂಕಿ ಹಾಕಿದರು. ನೆಹರು ರೇಡಿಯೋದಲ್ಲಿ ಅಸ್ಸಾಮಿನ ಜನರಿಗಾಗಿ ಮರುಗಿ ಮಾತಾಡಿದರು. ಅಸ್ಸಾಮಿನಲ್ಲಿ ಅದನ್ನು ಬೀಳ್ಕೊಡುಗೆಯ ಮಾತು ಅಂತಲೇ ತಿಳಿದರು, ಇವತ್ತಿಗೂ ಹಾಗೇ ನೆನೆಸಿಕೊಳ್ತಾರೆ. ಚೀನಾ ತಾನಾಗಿ ಕದನವಿರಾಮ ಹೇಳಿ ಹಿಂದೆ ಹೋಯಿತು. ಆದರೆ ದೆಹಲಿಯ ತಲೆಯಲ್ಲಿ ಒಂದು ಪಾಠ ಉಳಿಯಿತು: ಗಡಿಯಲ್ಲಿ ಒಳ್ಳೆ ರಸ್ತೆ ಮಾಡಿದರೆ ಶತ್ರು ಅದರಲ್ಲೇ ಬರ್ತಾನೆ, ಆದ್ದರಿಂದ ಮಾಡದೇ ಇರೋದೇ ಕ್ಷೇಮ. ಇದು ನನ್ನ ಕಟ್ಟುಕತೆಯಲ್ಲ. ಗಡಿಯನ್ನು ಅಭಿವೃದ್ಧಿ ಮಾಡದಿರುವುದೇ ಒಳ್ಳೆಯ ರಕ್ಷಣೆ ಅನ್ನುವ ನೀತಿ ಬಹಳ ವರ್ಷ ಇತ್ತು ಅಂತ ರಕ್ಷಣಾ ಸಚಿವ ಎ.ಕೆ. ಆಂಟನಿ 2013ರಲ್ಲಿ ಲೋಕಸಭೆಯಲ್ಲೇ ಹೇಳಿದರು.

ಈ ಮಾತನ್ನು ಎರಡು ಸಲ ಓದಿ. ನಿಮ್ಮ ಊರಿಗೆ ಬಸ್ಸು ಬರೋದಿಲ್ಲ, ಯಾಕಂದರೆ ನಿಮ್ಮ ಊರು ದೇಶದ ಬೇಲಿ. ನಮ್ಮೂರಿಗೂ ಡಾಂಬರು ಬಂದದ್ದು ತಡವೇ. ಎಮ್ಮೆಲ್ಲೆಗೆ ಬೈದೆವು, ಎಲೆಕ್ಷನ್ ಹತ್ತಿರ ಬಂದಾಗ ರಸ್ತೆಯಾಯಿತು. ರಸ್ತೆ ಇಲ್ಲದಿರುವುದೇ ದೇಶಸೇವೆ ಅಂತ ಯಾರೂ ನಮಗೆ ಹೇಳಿರಲಿಲ್ಲ.

ಬೇಲಿಯ ಒಳಗಿನವರು ಎದುರು ಮಾತಾಡಿದಾಗ ಏನಾಯಿತು ಅನ್ನೋದು ಇನ್ನೊಂದು ಅಧ್ಯಾಯ. ನಾಗಾ ಬಂಡಾಯವನ್ನು ಹತ್ತಿಕ್ಕೋಕೆ 1958ರಲ್ಲಿ ಸಶಸ್ತ್ರ ಪಡೆಗಳ ವಿಶೇಷಾಧಿಕಾರ ಕಾಯಿದೆ ಬಂತು. ಅನುಮಾನದ ಮೇಲೆ ವಾರಂಟ್ ಇಲ್ಲದೆ ಬಂಧಿಸಬಹುದು, ಗುಂಡು ಹಾರಿಸಬಹುದು. ಕೇಂದ್ರದ ಒಪ್ಪಿಗೆ ಇಲ್ಲದೆ ಸೈನಿಕನ ಮೇಲೆ ಕೇಸು ಹಾಕೋ ಹಾಗಿಲ್ಲ. 1966ರ ಮಾರ್ಚ್ 5ಕ್ಕೆ ಭಾರತದ ವಾಯುಪಡೆಯ ವಿಮಾನಗಳು ಭಾರತದ್ದೇ ಊರಾದ ಐಜಾಲ್ ಮೇಲೆ ದಾಳಿ ಮಾಡಿದವು. ಆಮೇಲೆ ಮಿಜೋ ಹಳ್ಳಿಗಳನ್ನು ಖಾಲಿ ಮಾಡಿಸಿ ರಸ್ತೆ ಪಕ್ಕದ ಶಿಬಿರಗಳಿಗೆ ತಂದು ಕೂಡಿಸಿದರು. ಇಪ್ಪತ್ತು ವರ್ಷದ ಮೇಲೆ, 1986ರಲ್ಲಿ, ಅದೇ ಬಂಡಾಯದ ನಾಯಕ ಲಾಲ್‌ಡೆಂಗಾ ಜೊತೆ ಕೂತು ಒಪ್ಪಂದ ಮಾಡಿಕೊಂಡರು. ಅವರು ಮುಖ್ಯಮಂತ್ರಿಯಾದರು, ಬಂದೂಕು ಮೂಲೆ ಸೇರಿತು. ಮಾತುಕತೆಯಿಂದ ಆಗುತ್ತೆ ಅನ್ನೋದಕ್ಕೆ ಪುರಾವೆಯೂ ನಮ್ಮ ಹತ್ತಿರವೇ ಇದೆ. ನಮಗೂ ಗಡಿ ಜಗಳಗಳಿವೆ. ಬೆಳಗಾವಿಯಲ್ಲಿ ಬಸ್ಸಿಗೆ ಮಸಿ ಬಳೀತಾರೆ, ಕಾಸರಗೋಡಿನ ಕನ್ನಡಿಗರು 1956ರಿಂದ ಶಾಲೆಗಾಗಿ, ಮೇಷ್ಟರಿಗಾಗಿ ಮನವಿ ಕೊಡ್ತಾನೇ ಇದ್ದಾರೆ. ಸಿಟ್ಟು ನಿಜವಾದದ್ದೇ. ಆದರೆ ಅಲ್ಲಿ ಯಾರ ಮನೆಗೂ ಇಂಥ ಕಾಯಿದೆ ಹಿಡಿದು ಸೈನ್ಯ ನುಗ್ಗಿಲ್ಲ. ಮಹಾಜನ ವರದಿ, ಸುಪ್ರೀಂ ಕೋರ್ಟು, ಪತ್ರ ವ್ಯವಹಾರ, ಇಷ್ಟೇ. ಒಂದೇ ಗಣರಾಜ್ಯ, ಗಡಿಗಳು ಎರಡು ತರಹ.

ಲುಕ್ ಈಸ್ಟ್ ಈ ಹಳೇ ಅಡಿಪಾಯದ ಮೇಲೆಯೇ ಕೂತಿತು. 1988ರಲ್ಲಿ ಬರ್ಮಾದ ವಿದ್ಯಾರ್ಥಿಗಳು ಸೈನಿಕ ಸರ್ಕಾರದ ವಿರುದ್ಧ ಎದ್ದಾಗ ಭಾರತ ಬಹಿರಂಗವಾಗಿ ವಿದ್ಯಾರ್ಥಿಗಳ ಪರ ಇತ್ತು. 1993ರಲ್ಲಿ ವಿದೇಶಾಂಗ ಕಾರ್ಯದರ್ಶಿ ಜೆ.ಎನ್. ದೀಕ್ಷಿತ್ ಯಾಂಗೂನಿಗೆ ಹೋಗಿಬಂದರು. ನಾಗಾ, ಮಣಿಪುರಿ, ಉಲ್ಫಾ ಬಂಡುಕೋರರ ಅಡಗುದಾಣಗಳು ಬರ್ಮಾದ ಕಾಡಿನಲ್ಲಿದ್ದವು, ಚೀನಾ ಆ ದೇಶದೊಳಕ್ಕೆ ಕಾಲು ಚಾಚುತ್ತಿತ್ತು. 1995ರಲ್ಲಿ ಎರಡೂ ಸೈನ್ಯಗಳು ಸೇರಿ ಮಿಜೋರಾಂ ಗಡಿಯಲ್ಲಿ 'ಗೋಲ್ಡನ್ ಬರ್ಡ್' ಅನ್ನುವ ಕಾರ್ಯಾಚರಣೆ ಶುರು ಮಾಡಿದವು. ಅದು ನಡೀತಿರುವಾಗಲೇ ಭಾರತ ಆಂಗ್ ಸಾನ್ ಸೂ ಕಿಗೆ ನೆಹರು ಪ್ರಶಸ್ತಿ ಘೋಷಿಸಿತು. ಜನರಲ್‌ಗಳಿಗೆ ಸಿಟ್ಟು ಬಂತು, ಅವರ ಸೈನ್ಯ ಕೈ ಹಿಂದೆ ತೆಗೆಯಿತು. ಒಂದು ಕೈ ಏನು ಮಾಡುತ್ತಿದೆ ಅಂತ ಇನ್ನೊಂದು ಕೈಗೆ ಗೊತ್ತಿಲ್ಲದ ಪ್ರಾಜೆಕ್ಟುಗಳಲ್ಲಿ ಕೆಲಸ ಮಾಡಿದವರಿಗೆ ಇದು ಹೊಸದೇನಲ್ಲ. ಮೊದಲು ಹೋದದ್ದು ಆದರ್ಶ. ಉಳಿದದ್ದು ಭದ್ರತೆ ಮತ್ತು ವ್ಯಾಪಾರ. ಮೋರೆಗೆ ಬಂದದ್ದು ಹೆಚ್ಚಾಗಿ ಭದ್ರತೆ, ಅಂದರೆ ಚೆಕ್‌ಪೋಸ್ಟು.

ಇನ್ನು ಬೋಡೋಗಳ ಕಡೆ ಬರೋಣ, ಯಾಕಂದರೆ ರೈಲು ಹತ್ತಿದವರಲ್ಲಿ ಅವರೂ ತುಂಬಾ ಜನ. ಬ್ರಹ್ಮಪುತ್ರದ ಉತ್ತರ ದಂಡೆಯ ಈ ಜನ ಚಹಾ ತೋಟ ಬಂದಾಗ ಒಂದಷ್ಟು ನೆಲ ಕಳಕೊಂಡರು. ತೋಟಕ್ಕೆ ಕೂಲಿಗಳಾಗಿ ಬಂದ ಸಂತಾಲರು, ಹೊಲ ಮಾಡೋಕೆ ಪೂರ್ವ ಬಂಗಾಳದಿಂದ ಬಂದ ಮುಸ್ಲಿಂ ರೈತರು ಅಲ್ಲೇ ನೆಲೆಯಾದರು. 1987ರಲ್ಲಿ ಉಪೇಂದ್ರನಾಥ ಬ್ರಹ್ಮರ ನೇತೃತ್ವದಲ್ಲಿ ಪ್ರತ್ಯೇಕ ರಾಜ್ಯದ ಚಳವಳಿ ಎದ್ದಿತು. 1993ರಲ್ಲಿ ಒಂದು ಒಪ್ಪಂದ, ಮುರಿದು ಬಿತ್ತು. 2003ರ ಫೆಬ್ರುವರಿಯಲ್ಲಿ ಇನ್ನೊಂದು. ಆರನೇ ಅನುಸೂಚಿಯ ಕೆಳಗೆ ಬೋಡೋಲ್ಯಾಂಡ್ ಮಂಡಳಿ ಬಂತು: ಒಟ್ಟು 46 ಸೀಟು, ಅದರಲ್ಲಿ 30 ಪರಿಶಿಷ್ಟ ಬುಡಕಟ್ಟಿಗೆ. ಆದರೆ ಆ ನಾಲ್ಕು ಜಿಲ್ಲೆಗಳಲ್ಲಿ ಬೋಡೋಗಳು ಜನಸಂಖ್ಯೆಯ ಮೂರನೇ ಒಂದು ಭಾಗದ ಹತ್ತಿರ. ಉಳಿದವರಿಗೆ ನಾವು ಇಲ್ಲಿ ಯಾರು ಅನ್ನುವ ಭಯ, ಬೋಡೋಗಳಿಗೆ ನಾಳೆ ಇದೂ ಕೈತಪ್ಪಿದರೆ ಅನ್ನುವ ಭಯ. ಶಸ್ತ್ರ ಕೆಳಗಿಟ್ಟೆವು ಅಂದವರ ಶಸ್ತ್ರಗಳೆಲ್ಲ ಸರ್ಕಾರಕ್ಕೆ ಬಂದಿರಲೂ ಇಲ್ಲ. ಬಂದೂಕು ಹಿಡಿದವರ ಜೊತೆ ಒಪ್ಪಂದ ಮಾಡಿಕೊಂಡು ಅಕ್ಕಪಕ್ಕದವರನ್ನು ಮಾತಿಗೆ ಕರೆಯದೇ ಹೋದರೆ ಏನಾಗುತ್ತೆ ಅನ್ನೋದು 2012ರ ಜುಲೈನಲ್ಲಿ ಕಂಡಿತು. ಸೈನ್ಯ ಬರೋದು ತಡವಾಯಿತು ಅಂತ ಮುಖ್ಯಮಂತ್ರಿ ತರುಣ್ ಗೊಗೋಯ್ ಅವರೇ ದೂರಿದರು.

ಈಗ ಮತ್ತೆ ಬೆಂಗಳೂರಿಗೆ. ವದಂತಿ ಎದ್ದಾಗ ದೆಹಲಿ ಮೊದಲು ಕೊಟ್ಟ ವಿವರಣೆ ವಿದೇಶಿ ಕೈ. ಚಿತ್ರಗಳು ಪಾಕಿಸ್ತಾನದಿಂದ ಅಪ್‌ಲೋಡ್ ಆಗಿವೆ ಅಂತ ಗೃಹ ಕಾರ್ಯದರ್ಶಿ ಆರ್.ಕೆ. ಸಿಂಗ್ ಹೇಳಿದರು. ನೂರಾರು ವೆಬ್ ಪುಟಗಳನ್ನು ಮುಚ್ಚಿಸಿದರು. ಆ ಚಿತ್ರಗಳಲ್ಲಿ ಒಂದು ನನ್ನ ಮನಸ್ಸಿನಿಂದ ಹೋಗಿಲ್ಲ. ಸಾಲುಸಾಲು ಹೆಣಗಳ ನಡುವೆ ಕೆಂಪು ಬಟ್ಟೆಯ ಬೌದ್ಧ ಭಿಕ್ಷುಗಳು ನಿಂತಿದ್ದಾರೆ. ಬರ್ಮಾದಲ್ಲಿ ಬೌದ್ಧರು ಮುಸ್ಲಿಮರನ್ನು ಕೊಂದದ್ದು ಅಂತ ಕೆಳಗೆ ಬರೆದಿತ್ತು. ಆ ಜೂನ್‌ನಲ್ಲಿ ರಖೈನ್ ಪ್ರಾಂತ್ಯದಲ್ಲಿ ನಿಜವಾಗಿಯೂ ಹಿಂಸೆ ನಡೆದಿತ್ತು, ಅದಕ್ಕೇ ಜನ ನಂಬಿದರು. ಆ ಫೋಟೋ ಮಾತ್ರ 2010ರ ಏಪ್ರಿಲ್‌ನಲ್ಲಿ ಚೀನಾದ ಯೂಶು ಅನ್ನುವ ಟಿಬೆಟನ್ ಪ್ರದೇಶದಲ್ಲಾದ ಭೂಕಂಪದ್ದು. ಭಿಕ್ಷುಗಳು ಬಂದದ್ದು ಸತ್ತವರಿಗೆ ಸಂಸ್ಕಾರ ಮಾಡೋಕೆ. ಟಿಬೆಟಿನ ಒಂದು ದುಃಖ ಬರ್ಮಾದ ಹೆಸರು ಹೊತ್ತುಕೊಂಡು ನಮ್ಮ ಊರಿಗೆ ಬಂದು ಅಸ್ಸಾಮಿನವರನ್ನು ಓಡಿಸುವುದರಲ್ಲಿ ಪಾಲು ಪಡೆಯಿತು. ಮೈಸೂರಿನಲ್ಲಿ ಚಾಕು ಬಿದ್ದದ್ದೂ ಟಿಬೆಟನ್ ಹುಡುಗನಿಗೆ. ಟಿಬೆಟನ್ನರನ್ನು ಬೈಲಕುಪ್ಪೆಯಲ್ಲಿ ನೆಲೆಗೊಳಿಸಿದ್ದು 1960ರಲ್ಲಿ, ಸುಮಾರು 3,000 ಎಕರೆ ಕಾಡುನೆಲ ಕೊಟ್ಟು. ಅದೂ ಒಂದು ವಿದೇಶಾಂಗ ತೀರ್ಮಾನವೇ. ಕುಶಾಲನಗರಕ್ಕೆ ಹೋದಾಗ ಗೋಲ್ಡನ್ ಟೆಂಪಲ್ ಮುಂದೆ ಸೆಲ್ಫಿ ತೆಗೆದು ಮೊಮೊ ತಿಂದು ಬರ್ತೀವಿ. ಆ ಮುಖ ಬಸ್ ಸ್ಟಾಪಿನಲ್ಲಿ ಕಂಡರೆ "ಚಿಂಕಿ" ಅಂತೀವಿ.

ವಿದೇಶಿ ಕೈ ಇದ್ದಿರಬಹುದು. ಆದರೆ ಅದೇ ಮೆಸೇಜು ಧಾರವಾಡದವನಿಗೋ ಕೋಲಾರದವನಿಗೋ ಬಂದಿದ್ದರೆ ಅವನು ಮೂರು ಸಾವಿರ ಕಿಲೋಮೀಟರ್ ರೈಲು ಹತ್ತುತ್ತಿದ್ದನಾ? ಪೊಲೀಸ್ ಸ್ಟೇಷನ್ನಿಗೆ ಹೋಗ್ತಿದ್ದ, ಸಂಘದವರಿಗೆ ಫೋನ್ ಮಾಡ್ತಿದ್ದ, ಮಾವನ ಮನೇಲಿ ಎರಡು ದಿನ ಇರ್ತಿದ್ದ. ಅವನಿಗೆ ಸರ್ಕಾರ ಅಂದರೆ ಬೈಯಬಹುದಾದ, ಆದರೆ ಕರೆದರೆ ಬರುವ ಒಂದು ವಸ್ತು. ಚಿರಾಂಗ್‌ನ ಹುಡುಗ ಬೆಳೆದದ್ದು ಬೇರೆ ಸರ್ಕಾರವನ್ನು ನೋಡಿ. ಅದು ಒಂದೋ ಬಂದೂಕು ಹಿಡಿದು ಬರುತ್ತದೆ, ಇಲ್ಲವೇ ಮನೆ ಉರಿದು ಮುಗಿದ ಮೇಲೆ ಬರುತ್ತದೆ. ಆ ಜುಲೈನಲ್ಲಿ ಊರಿನಿಂದ ಅವನಿಗೆ ಬಂದ ಫೋನುಗಳಲ್ಲಿ ಇದ್ದದ್ದು ಎರಡನೆಯದು. ಗುಂಪು ಬರುತ್ತೆ ಅಂದರೆ ಓಡಬೇಕು, ಮೊದಲು ಓಡಿದವನು ಉಳೀತಾನೆ. ಇದು ಹೇಡಿತನ ಅಲ್ಲ, ಅನುಭವ. ಆ ಅನುಭವ ಅವನ ಜೊತೆಗೇ ಬೆಂಗಳೂರಿಗೂ ಬಂದಿತ್ತು.

ಅವತ್ತು ಪ್ರಧಾನಿಯಾಗಿದ್ದ ಮನಮೋಹನ್ ಸಿಂಗ್ ರಾಜ್ಯಸಭೆಗೆ ಆರಿಸಿ ಬಂದಿದ್ದು ಅಸ್ಸಾಮಿನಿಂದ. ಅವರು ಸಂಸತ್ತಿನಲ್ಲಿ ಧೈರ್ಯ ಹೇಳಿದರು. ಕೆಲವು ವಾರಗಳಲ್ಲಿ ಹೆಚ್ಚಿನವರು ವಾಪಸ್ ಬಂದರು. ಬರದೇ ಏನು ಮಾಡ್ತಾರೆ, ಊರಲ್ಲಿ ಕೆಲಸ ಇದ್ದಿದ್ದರೆ ಮೊದಲೇ ಬರ್ತಿರಲಿಲ್ಲ. ಪಕ್ಕದ ಅಪಾರ್ಟ್‌ಮೆಂಟಿಗೆ ಹೊಸ ಹುಡುಗ ಬಂದ, ಅವನೂ ಅಸ್ಸಾಮಿನವನೇ. ಹಳಬ ಬರಲಿಲ್ಲ. 2014ರಲ್ಲಿ ದೆಹಲಿಯಲ್ಲಿ ಅರುಣಾಚಲದ ಒಬ್ಬ ಯುವಕನ ಸಾವಾದ ಮೇಲೆ ಬೆಜ್‌ಬರುವಾ ಸಮಿತಿ ಮಾಡಿದರು. ಜನಾಂಗೀಯ ನಿಂದನೆಗೆ ಪ್ರತ್ಯೇಕ ಕಾನೂನು ಬೇಕು, ಪಠ್ಯದಲ್ಲಿ ಈಶಾನ್ಯದ ಇತಿಹಾಸ ಇರಬೇಕು ಅಂತ ಅದು ಹೇಳಿತು. ನನ್ನ ಹೈಸ್ಕೂಲಿನ ಸಮಾಜ ಪುಸ್ತಕದಲ್ಲಿ ಈಶಾನ್ಯ ಅಂದರೆ ಚಿರಾಪುಂಜಿಯ ಮಳೆ ಮತ್ತು ಚಹಾ. ನಿಮ್ಮದರಲ್ಲಿ ಹೆಚ್ಚಿಗೆ ಇತ್ತಾ?

ಇನ್ನೊಬ್ಬರ ಹೆಸರು ಹೇಳಲೇಬೇಕು. 2000ದ ನವೆಂಬರ್‌ನಲ್ಲಿ ಇಂಫಾಲದ ಹತ್ತಿರ ಮಾಲೋಮ್ ಬಸ್ ಸ್ಟಾಪಿನಲ್ಲಿ ಹತ್ತು ಜನ ಗುಂಡಿಗೆ ಬಲಿಯಾದ ಮೇಲೆ ವಿಶೇಷಾಧಿಕಾರ ಕಾಯಿದೆ ತೆಗೆಯಿರಿ ಅಂತ ಉಪವಾಸ ಕೂತ ಇರೋಮ್ ಶರ್ಮಿಳಾ. ಹದಿನಾರು ವರ್ಷ ಮೂಗಿನ ನಳಿಕೆಯಲ್ಲಿ ಆಹಾರ. 2016ರ ಆಗಸ್ಟ್‌ನಲ್ಲಿ ಉಪವಾಸ ಬಿಟ್ಟು, ಮರುವರ್ಷ ಚುನಾವಣೆಗೆ ನಿಂತಾಗ ಸಿಕ್ಕಿದ್ದು 90 ಮತ. ಮಣಿಪುರ ಬಿಟ್ಟು ದಕ್ಷಿಣಕ್ಕೆ ಬಂದು ಮದುವೆಯಾದರು. 2019ರ ಮೇ ತಿಂಗಳಲ್ಲಿ ಅವರಿಗೆ ಅವಳಿ ಹೆಣ್ಣುಮಕ್ಕಳು ಹುಟ್ಟಿದ್ದು ನಮ್ಮ ಬೆಂಗಳೂರಿನಲ್ಲಿ. ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿ ಬಂತು, ನಾವು ಸ್ಕ್ರಾಲ್ ಮಾಡಿ ಮುಂದೆ ಹೋದೆವು.

ಲುಕ್ ಈಸ್ಟ್ 2014ರಲ್ಲಿ 'ಆಕ್ಟ್ ಈಸ್ಟ್' ಆಯಿತು. ದೇಶ ದೊಡ್ಡದಾಗಿದೆ, ಮೊದಲಿಗಿಂತ ಗಟ್ಟಿಯಾಗಿ ಮಾತಾಡುತ್ತದೆ. ಬ್ರಹ್ಮಪುತ್ರದ ಮೇಲೆ ಉದ್ದುದ್ದ ಸೇತುವೆಗಳು ಬಂದಿವೆ, ಅರುಣಾಚಲದಲ್ಲಿ ಸುರಂಗ ಬಂದಿದೆ. ಆಂಟನಿ ಹೇಳಿದ ಹಳೇ ನೀತಿ ಹೋಗಿದೆ, ಇದನ್ನು ಒಪ್ಪಬೇಕು. 2020ರಲ್ಲಿ ಬೋಡೋಗಳ ಜೊತೆ ಮೂರನೇ ಒಪ್ಪಂದವಾಗಿ ಕೊಕ್ರಝಾರ್ ಕಡೆ ಮೊದಲಿಗಿಂತ ಶಾಂತಿಯಿದೆ. ಆದರೆ ಮೋರೆಯ ಗೇಟು 2020ರಲ್ಲಿ ಕೊರೊನಾ ಅಂತ ಮುಚ್ಚಿತು, 2021ರ ಫೆಬ್ರುವರಿಯಲ್ಲಿ ಆಚೆ ಬರ್ಮಾದಲ್ಲಿ ಮತ್ತೆ ಸೈನಿಕ ದಂಗೆಯಾಯಿತು.

2023ರ ಮಾರ್ಚ್ 25ಕ್ಕೆ ವೈಟ್‌ಫೀಲ್ಡಿಗೆ ಮೆಟ್ರೋ ಬಂತು. ಪಟ್ಟಂದೂರು ಅಗ್ರಹಾರ ಸ್ಟೇಷನ್ನಿನಲ್ಲಿ ಇಳಿದರೆ ಎದುರಿಗೇ ಐಟಿಪಿಎಲ್. ಅದಾಗಿ ಆರು ವಾರ ಕಳೆದಿರಲಿಲ್ಲ, ಮೇ 3ಕ್ಕೆ ಮಣಿಪುರದಲ್ಲಿ ಮೈತೇಯಿ ಮತ್ತು ಕುಕಿಗಳ ನಡುವೆ ಬೆಂಕಿ ಹತ್ತಿತು. ಇನ್ನೂರಕ್ಕೂ ಹೆಚ್ಚು ಜನ ಸತ್ತರು, ಸುಮಾರು 60 ಸಾವಿರ ಜನ ಮನೆ ಬಿಟ್ಟರು. ಮೋರೆಯಲ್ಲೂ ಮನೆಗಳು ಉರಿದವು. ಗಡಿಯ ಎರಡೂ ಕಡೆ 16 ಕಿಲೋಮೀಟರ್‌ವರೆಗೆ ಅಲ್ಲಿನ ಜನ ವೀಸಾ ಇಲ್ಲದೆ ನೆಂಟರ ಮನೆಗೆ ಹೋಗಿ ಬರುವ ಪದ್ಧತಿ ಇತ್ತು. ಅದನ್ನು ರದ್ದು ಮಾಡುತ್ತೇವೆ, 1,643 ಕಿಲೋಮೀಟರ್ ಗಡಿಗೂ ಬೇಲಿ ಹಾಕುತ್ತೇವೆ ಅಂತ 2024ರ ಫೆಬ್ರುವರಿಯಲ್ಲಿ ಸರ್ಕಾರ ಹೇಳಿತು. ಬೇಲಿಯ ಕೆಲಸ ಮೊದಲು ಶುರುವಾಗಿದ್ದು ಮೋರೆಯ ಹತ್ತಿರವೇ.